ಹಂಚು ಸರಿಸಿದವರಿಗೆ ವಂದನೆಗಳು

ಕರ್ತನಲ್ಲಿ ಪ್ರಿಯರಾದ ಸಭಾಬಂಧುಗಳಿಗೂ, ನೆರೆಹೊರೆಯವರಿಗೂ, ನನ್ನೊಂದಿಗೆ ಶಾಲೆಯಲ್ಲಿ ದುಡಿದ ಉಪಾಧ್ಯಾಯರಿಗೂ, ಹಳೆಯ ವಿದ್ಯಾರ್ಥಿಗಳಿಗೂ ವಂದನೆಗಳು. ನನಗೆ ಮೂತ್ರಪಿಂಡದ ಕಸಿ ನಡೆದು ಈ ತಿಂಗಳಿಗೆ ಒಂದು ವರ್ಷ ತುಂಬಿತು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲದ ಪ್ರಮಾಣ ರಕ್ತದಲ್ಲಿ ಸ್ಥಿರವಾಗಿದೆಯೆಂದೂ, ಹೊಸ ಮೂತ್ರಪಿಂಡ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆಯೆಂದೂ ವರ್ಷದ ತಪಾಸಣೆಯಲ್ಲಿ ವೈದ್ಯರು ಹೇಳಿದ್ದಾರೆ. ಆರಾಧನೆಯ ಕೊನೆಯಲ್ಲಿ ಎದ್ದು ನಿಂತು ಎರಡು ಮಾತು ಹೇಳಬೇಕೆಂದು ನಮ್ಮ ಸಭಾಪಾಲಕರು ಕೇಳಿದ್ದರು. ಎರಡು ಮಾತಿನಲ್ಲಿ ಮುಗಿಯುವ ಋಣ ಇದಲ್ಲವಾದ್ದರಿಂದ ಬರೆದು ತಿಳಿಸುತ್ತೇನೆಂದು ಅವರಲ್ಲಿ ಅನುಮತಿ ಪಡೆದೆ.

ನನ್ನ ನೋಟ್‌ಪುಸ್ತಕದ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿರುವವರಿಗೆ, ಫಿಸ್ಟುಲಾ (ಡಯಾಲಿಸಿಸ್‌ಗೆಂದು ಶಸ್ತ್ರಚಿಕಿತ್ಸೆಯಿಂದ ಒಂದಕ್ಕೊಂದು ಜೋಡಿಸಿದ ರಕ್ತನಾಳಗಳು) ಇರುವ ಕೈಗೆ ಎರಡು ಸೂಜಿ ಚುಚ್ಚಿರುವುದರಿಂದ ಆ ಕೈಯನ್ನು ಅಲುಗಾಡಿಸುವಂತಿಲ್ಲ. ನನಗೆ ಅದು ಎಡಗೈ. ಬಿಡುವಾಗಿದ್ದ ಬಲಗೈಯಲ್ಲಿ ಸತ್ಯವೇದದ ಒಂದು ವಚನ, ಅದರ ಕುರಿತು ನನಗೆ ತೋಚಿದ ನಾಲ್ಕು ಸಾಲು, ಕೊನೆಗೊಂದು ಪ್ರಾರ್ಥನೆ ಎಂಬ ಕ್ರಮದಲ್ಲಿ ಬರೆಯತೊಡಗಿದೆ. ಕನ್ನಡ ಪಾಠ ಹೇಳಿಕೊಂಡು ಬಂದ ನನಗೆ ಬರೆಯುವುದು ಕಷ್ಟವಿರಲಿಲ್ಲ. ಪ್ರಾರ್ಥಿಸುವುದು ಕಷ್ಟವಾಗುತ್ತ ಹೋಯಿತು. ಮೊದಮೊದಲು ಪುಟ ತುಂಬುತ್ತಿತ್ತು. ಆಮೇಲೆ ವಚನದ ಅಧ್ಯಾಯ, ಸಂಖ್ಯೆ ಮಾತ್ರ ಉಳಿದವು. ಕೊನೆಕೊನೆಗೆ ದಿನಾಂಕ ಬರೆದು ಪುಸ್ತಕವನ್ನು ಮಡಚಿ ದಿಂಬಿನ ಕೆಳಗೆ ಇಡುತ್ತಿದ್ದೆ. ಸ್ತ್ರೀ ಸಮಾಜದ ಅಕ್ಕಂದಿರು ಸರದಿಯಂತೆ ನನ್ನ ಬಳಿ ಬಂದು ಕೂರಲು ಆರಂಭಿಸಿದ್ದು ಆ ದಿನಗಳಲ್ಲೇ. ಅವರು ವಚನ ಓದುತ್ತಿದ್ದರು, ಮೆಲುದನಿಯಲ್ಲಿ ಪ್ರಾರ್ಥಿಸುತ್ತಿದ್ದರು, ನನ್ನಿಂದ ಒಂದು ಆಮೆನ್ ಕೂಡ ನಿರೀಕ್ಷಿಸದೆ ಎದ್ದು ಹೋಗುತ್ತಿದ್ದರು.

ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ನಾನು ಸಂಡೆ ಸ್ಕೂಲಿನ ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಕಪೆರ್ನೌಮಿನಲ್ಲಿ ಜನರು ಕಿಕ್ಕಿರಿದಿದ್ದ ಮನೆಗೆ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ, ಬಾಗಿಲಲ್ಲಿ ದಾರಿ ಸಿಗದೆ ಮಾಳಿಗೆ ಹತ್ತಿ ಚಾವಣಿಯನ್ನು ತೆರೆದು ಅವನನ್ನು ಯೇಸುವಿನ ಮುಂದೆ ಇಳಿಸುತ್ತಾರೆ. ಲೂಕನು ಅಲ್ಲಿ ಹಂಚುಗಳನ್ನು ತೆಗೆದರೆಂದು ಹೇಳುತ್ತಾನೆ. ಹಂಚು ಎಂದರೆ ನಮ್ಮ ಮನೆಯವರಿಗೆ ಬೇರೆ ವಿವರಣೆ ಬೇಡ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಲ್ಲಿ ನನ್ನ ಅಜ್ಜ ದುಡಿದವರು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚುಗಳನ್ನು ಸರಿಮಾಡುವಾಗ ಮಕ್ಕಳಾದ ನಾವು ಕೆಳಗೆ ನಿಂತು ಒಡೆದವುಗಳನ್ನು ಹೆಕ್ಕಿ ರಾಶಿ ಹಾಕುತ್ತಿದ್ದೆವು. ರೀಪಿನಿಂದ ಒಂದು ಸಾಲು ಹಂಚು ಕಳಚಿದರೆ ವರ್ಷದ ಮಸಿ, ಧೂಳು, ಇಲಿಯ ಹಿಕ್ಕೆ, ಒಣಗಿದ ಎಲೆ ಎಲ್ಲವೂ ಕೆಳಗಿದ್ದವರ ತಲೆಯ ಮೇಲೇ ಬೀಳುತ್ತದೆ. ಹೀಗಿರುವಾಗ ಬೋಧನೆ ನಡೆಯುತ್ತಿದ್ದ ಮನೆಯ ಮಾಡನ್ನು ಬಿಚ್ಚಿದವರ ಧೈರ್ಯವಾದರೂ ಎಂಥದ್ದು! (ಅದನ್ನು ಮತ್ತೆ ಮುಚ್ಚಿಕೊಟ್ಟವರು ಯಾರೆಂದು ಸುವಾರ್ತೆಯಲ್ಲಿ ಬರೆದಿಲ್ಲ. ಮನೆಯ ಯಜಮಾನಿಗೆ ಆ ರಾತ್ರಿ ನಿದ್ದೆ ಬಂದಿರಲಾರದು.)

ಇಷ್ಟು ವರ್ಷ ಪಾಠ ಮಾಡಿಯೂ ನನ್ನ ಗಮನಕ್ಕೆ ಬಾರದಿದ್ದ ಸಂಗತಿಯೊಂದು ಆ ಹಾಸಿಗೆಯ ಮೇಲೆ ಕಣ್ಣಿಗೆ ಬಿತ್ತು. ಇಡೀ ಪ್ರಸಂಗದಲ್ಲಿ ರೋಗಿಯು ಒಂದು ಮಾತೂ ಆಡುವುದಿಲ್ಲ. ತನ್ನನ್ನು ಗುಣಪಡಿಸೆಂದು ಬೇಡುವುದಿಲ್ಲ, ನಂಬುತ್ತೇನೆಂದು ಹೇಳುವುದಿಲ್ಲ. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ಆಮೇಲೆ ಆತನು ಮಾತಾಡಿದ್ದು ಹಾಸಿಗೆಯ ಮೇಲಿದ್ದವನೊಂದಿಗೆ. ನನ್ನ ಖಾಲಿ ಪುಟಗಳ ಕಾಲದಲ್ಲಿ ನೀವು ಮಾಡಿದ ಪ್ರಾರ್ಥನೆ ನನ್ನ ಲೆಕ್ಕಕ್ಕೆ ಸೇರಿತೆಂದು ನಾನು ನಂಬಿರುವುದು ಈ ವಚನದ ಆಧಾರದಿಂದ. ಆದ್ದರಿಂದ, ಪ್ರಾರ್ಥನೆಯೊಂದೇ ನಮ್ಮಿಂದ ಸಾಧ್ಯವಾಯಿತು, ಬೇರೇನೂ ಮಾಡಲಾಗಲಿಲ್ಲ ಎಂದು ಸಂಕೋಚಪಟ್ಟುಕೊಂಡವರು ದಯವಿಟ್ಟು ಆ ಸಂಕೋಚವನ್ನು ಬಿಡಬೇಕು.

ಹಂಚು ಸರಿಸಿದವರೆಲ್ಲರೂ ಸಭೆಯವರೇ ಆಗಿರಲಿಲ್ಲ. ಬೆಳಗಿನ ಪಾಳಿಯ ಡಯಾಲಿಸಿಸ್‌ಗೆ ಕತ್ತಲೆಯಲ್ಲೇ ಹೊರಡಬೇಕಾಗಿದ್ದ ನನ್ನನ್ನು ತಮ್ಮ ಆಟೋದಲ್ಲಿ ಕರೆದೊಯ್ಯುತ್ತಿದ್ದ ಕಾಕಾ ರಂಜಾನ್ ತಿಂಗಳಲ್ಲೂ ಒಂದು ದಿನ ತಪ್ಪಿಸಲಿಲ್ಲ. ಪಕ್ಕದ ಮನೆಯ ಅಮ್ಮ, ಕೆಟ್ಟ ಮೂತ್ರಪಿಂಡ ಹೊರಹಾಕಲಾರದ ಪೊಟ್ಯಾಶಿಯಂ ಎಂಬ ಲವಣಾಂಶವನ್ನು ಇಳಿಸುವುದಕ್ಕಾಗಿ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬೇಯಿಸಿ, ನೀರು ಬಸಿದು, ಬೇರೆ ನೀರಿನಲ್ಲಿ ಮತ್ತೆ ಬೇಯಿಸುವ ಕ್ರಮವನ್ನು ನನ್ನಿಂದ ಕೇಳಿ ಬರೆದುಕೊಂಡು ಹೋಗಿ, ಸತ್ವವೆಲ್ಲ ಹೋದ ಆ ತೊಂಡೆಕಾಯಿಗೆ ಒಗ್ಗರಣೆಯಲ್ಲೇ ರುಚಿ ತರಿಸುತ್ತಿದ್ದರು. ತೆಂಗಿನಕಾಯಿ ಇಲ್ಲದ ಪದಾರ್ಥವನ್ನು ನನ್ನ ಯಜಮಾನರೂ ಮಗನೂ ಅಷ್ಟು ಕಾಲ ಗೊಣಗದೆ ಉಂಡರು. ಕರಾವಳಿಯಲ್ಲಿ ಹುಟ್ಟಿದವರಿಗೆ ಇದರ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನೀರಡಿಕೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಡಯಾಲಿಸಿಸ್‌ನಲ್ಲಿರುವ ಬಹುಪಾಲು ಮಂದಿಗೆ ಕ್ರಮೇಣ ಮೂತ್ರ ಹೋಗುವುದು ನಿಲ್ಲುತ್ತದೆ. ಕುಡಿದ ನೀರು ಮೈಯಲ್ಲೇ ನಿಂತು ಕಾಲು ಊದುತ್ತದೆ, ಶ್ವಾಸಕೋಶದಲ್ಲಿ ತುಂಬಿಕೊಂಡರೆ ಉಸಿರೇ ಕಟ್ಟುತ್ತದೆ. ಬೆಳಿಗ್ಗೆ ಒಂದು ಸ್ಟೀಲ್ ಚೊಂಬಿನಲ್ಲಿ ದಿನವಿಡೀ ಬೇಕಾಗುವ ನೀರನ್ನು ಅಳೆದಿಟ್ಟು, ಮಾತ್ರೆಗೆ, ಚಹಾಕ್ಕೆ, ಗಂಜಿಯ ತಿಳಿಗೆ ಎಂದು ಅದರಿಂದಲೇ ಹಂಚಿಕೊಳ್ಳಬೇಕು. ಮೇ ತಿಂಗಳ ಸೆಖೆಯಲ್ಲಿ ಮಧ್ಯಾಹ್ನದೊಳಗೇ ಚೊಂಬಿನ ತಳ ಕಾಣುತ್ತಿತ್ತು. ಎಳನೀರಿನಲ್ಲಿ ಪೊಟ್ಯಾಶಿಯಂ ಹೆಚ್ಚಾಗಿರುವುದರಿಂದ ಅಂಗಳದ ತೆಂಗಿನ ಮರವನ್ನು ನೋಡಬಹುದಿತ್ತಷ್ಟೆ. ಬಾಯಾರಿದ ಜಿಂಕೆ ನೀರಿನ ತೊರೆಗಳನ್ನು ಬಯಸುವಂತೆ ನನ್ನ ಮನವು ದೇವರನ್ನು ಬಯಸುತ್ತದೆ ಎಂಬ 42ನೆಯ ಕೀರ್ತನೆಯನ್ನು ನಾನು ಅದುವರೆಗೆ ಹೊಟ್ಟೆ ತುಂಬ ನೀರು ಕುಡಿದವಳಾಗಿ ಹಾಡಿದ್ದೆ. ಐಸ್‌ನ ತುಂಡೊಂದನ್ನು ನಾಲಿಗೆಯ ಮೇಲಿಟ್ಟು ಕರಗದಂತೆ ಕಾಯುತ್ತಿದ್ದ ದಿನಗಳಲ್ಲಿ ಓದಿದಾಗ, ಆ ಜಿಂಕೆ ಕ್ಯಾಲೆಂಡರಿನ ಚಿತ್ರದಲ್ಲಿರುವಂಥ ಸುಂದರ ಪ್ರಾಣಿಯಾಗಿ ಉಳಿಯಲಿಲ್ಲ. ಆ ಕೀರ್ತನೆಯನ್ನು ರಚಿಸಿದವನಿಗೆ ಹಗಲಿರುಳೂ ಕಣ್ಣೀರೇ ಆಹಾರವಾಗಿತ್ತು, ನಿನ್ನ ದೇವರು ಎಲ್ಲಿದ್ದಾನೆಂದು ಜನರು ಅವನನ್ನು ಕೇಳುತ್ತಿದ್ದರು ಎಂಬುದೂ ಆಗಲೇ ಮನಸ್ಸಿಗೆ ನಾಟಿತು.

ಒಂದು ಶುಭ ಶುಕ್ರವಾರ ನನ್ನ ಡಯಾಲಿಸಿಸ್‌ನ ದಿನವೇ ಬಂದಿತ್ತು. ಸಭೆಯಲ್ಲಿ ಮಧ್ಯಾಹ್ನದ ಆರಾಧನೆಯಲ್ಲಿ ಶಿಲುಬೆಯ ಏಳು ವಾಕ್ಯಗಳ ಧ್ಯಾನ ನಡೆಯುವ ಹೊತ್ತಿಗೆ ನಾನು ಐದನೆಯ ವಾಕ್ಯವನ್ನು, ಅಂದರೆ ಯೋಹಾನನ ಸುವಾರ್ತೆಯಲ್ಲಿ ಯೇಸು ತನಗೆ ನೀರಡಿಕೆಯಾಗಿದೆಯೆಂದು ಹೇಳುವ ಮಾತನ್ನು ಆರಿಸಿಕೊಂಡಿದ್ದೆ. ಅಂದು ಬರೆದ ಪ್ರಾರ್ಥನೆಯನ್ನು ಒಂದಕ್ಷರವೂ ತಿದ್ದದೆ ಇಲ್ಲಿ ಕೊಡುತ್ತೇನೆ:

ನೀರಡಿಕೆಯಾಗಿದೆಯೆಂದು ಬಾಯಿಬಿಟ್ಟು ಹೇಳಿದ ಕರ್ತನೇ, ಸಮುದ್ರವನ್ನು ಉಂಟುಮಾಡಿದ ನಿನಗೂ ನಾಲಿಗೆ ಒಣಗಿತು. ನನ್ನ ನೀರಡಿಕೆಯಿಂದ ಲೋಕಕ್ಕೆ ಯಾವ ಉಪಕಾರವೂ ಇಲ್ಲ. ಇದನ್ನು ದೊಡ್ಡ ಬಾಧೆಯೆಂದು ನಿನ್ನ ಮುಂದೆ ತೋರಿಸಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಆದರೂ ನಿನ್ನ ತುಟಿಗೆ ಹುಳಿರಸವನ್ನಾದರೂ ಮುಟ್ಟಿಸಿದ ಕೈಯೊಂದಿತ್ತಲ್ಲ. ಈ ವಾರ್ಡಿನಲ್ಲಿ ಅಂಥ ಕೈಗಳನ್ನು ಕಡಿಮೆ ಮಾಡಬೇಡ. ಆಮೆನ್.

ಆ ಕೈಗಳು ಕಡಿಮೆಯಾಗಲಿಲ್ಲ. ಸೂಜಿ ಚುಚ್ಚುವ ಮೊದಲು ಫಿಸ್ಟುಲಾದ ಮೇಲೆ ಬೆರಳಿಟ್ಟು ರಕ್ತ ಹರಿಯುವ ಕಂಪನವನ್ನು ನೋಡಿ, ಇವತ್ತು ಚೆನ್ನಾಗಿ ಓಡುತ್ತಿದೆ ಟೀಚರ್ ಎಂದು ನನ್ನನ್ನು ನಗಿಸುತ್ತಿದ್ದ ತಂತ್ರಜ್ಞರಿಗೂ, ರಕ್ತದೊತ್ತಡ ಥಟ್ಟನೆ ಇಳಿದು ಕಣ್ಣು ಕತ್ತಲೆಗಟ್ಟಿದಾಗ ಮಂಚದ ಕಾಲ್ದೆಸೆಯನ್ನು ಎತ್ತಿ ಪಕ್ಕದಲ್ಲೇ ನಿಲ್ಲುತ್ತಿದ್ದ ದಾದಿಯರಿಗೂ ನನ್ನ ಕೃತಜ್ಞತೆಗಳು.

ಸಾಂತ್ವನ ಹೇಳಲು ಬಂದವರಲ್ಲಿ ಹೆಚ್ಚಿನವರು ಯೋಬನ ಸ್ನೇಹಿತರು ಮೊದಲ ಏಳು ದಿನ ಮಾಡಿದಂತೆ ಸುಮ್ಮನೆ ಕೂತಿದ್ದು ಹೋದರು, ಅವರಿಗೆ ವಿಶೇಷ ವಂದನೆ. ಒಳ್ಳೆಯ ಯೋಜನೆಗಳನ್ನು ಕುರಿತು ದೇವರು ಹೇಳುವ ಯೆರೆಮೀಯ 29ನೆಯ ಅಧ್ಯಾಯದ 11ನೆಯ ವಚನವನ್ನು ಸೂರ್ಯೋದಯದ ಚಿತ್ರದೊಂದಿಗೆ ವಾಟ್ಸಾಪ್‌ನಲ್ಲಿ ಕಳುಹಿಸಿದವರಿಗೂ ನಾನು ಋಣಿ. ಆದರೆ ಅದರ ಹಿಂದಿನ ವಚನದಲ್ಲಿ, ಬಾಬೆಲಿನ ಸೆರೆಯಲ್ಲಿದ್ದವರಿಗೆ ಯೆರೆಮೀಯನು ಬರೆದ ಪತ್ರದ ಭಾಗವಾಗಿ, ಎಪ್ಪತ್ತು ವರ್ಷದ ಮಾತು ಬರುತ್ತದೆ. ಪತ್ರ ಓದಿದವರಲ್ಲಿ ಬಹಳ ಜನ ಆ ಬಿಡುಗಡೆಯನ್ನು ಕಣ್ಣಾರೆ ಕಂಡಿರಲಾರರು. ಎರಡು ವಚನಗಳನ್ನೂ ಒಟ್ಟಿಗೆ ಕಳುಹಿಸಿದರೆ ರೋಗಿಗೆ ಹೆಚ್ಚು ಧೈರ್ಯ ಬರುತ್ತದೆಂದು ಅನುಭವದಿಂದ ಹೇಳುತ್ತೇನೆ.

ನನ್ನಿಂದ ಎಷ್ಟು ಯತ್ನಿಸಿದರೂ ಮಾಡಲಾಗದ ಪ್ರಾರ್ಥನೆಯೊಂದಿತ್ತು. ಯಜಮಾನರ ರಕ್ತದ ಗುಂಪು ನನಗೆ ಹೊಂದಲಿಲ್ಲ, ತಂಗಿಗೆ ಸಕ್ಕರೆ ಕಾಯಿಲೆ, ಮಗನಿಂದ ಪಡೆಯಲು ನಾನೇ ಒಪ್ಪಲಿಲ್ಲ. ಹೀಗಾಗಿ ಮರಣಾನಂತರದ ಅಂಗಾಂಗ ದಾನವನ್ನು ನಮ್ಮ ರಾಜ್ಯದಲ್ಲಿ ನೋಡಿಕೊಳ್ಳುವ ಜೀವಸಾರ್ಥಕತೆಯ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿದೆವು. ಮೂತ್ರಪಿಂಡ ಬೇಗ ಸಿಗಲಿ ಎಂದು ಪ್ರಾರ್ಥಿಸಲು ಕಣ್ಣು ಮುಚ್ಚಿದೊಡನೆ, ನಾನು ಬೇಡುತ್ತಿರುವುದೇನು ಎಂಬ ಪ್ರಶ್ನೆ ಎದುರಾಗುತ್ತಿತ್ತು. ಎಲ್ಲೋ ಒಂದು ಮನೆಯಲ್ಲಿ ಒಬ್ಬರು ಹಠಾತ್ತನೆ ಇಲ್ಲವಾಗದೆ ಈ ಬೇಡಿಕೆ ಕೈಗೂಡುವಂತಿರಲಿಲ್ಲ. ಏನನ್ನು ಬೇಡಬೇಕೋ ನಮಗೆ ತಿಳಿಯದಿರುವಾಗ ಪವಿತ್ರಾತ್ಮನೇ ನಮಗಾಗಿ ನರಳುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿದೆ. ಆ ಮಾತಿಗೆ ಒರಗಿಕೊಂಡು ಬಹಳ ಕಾಲ ಸುಮ್ಮನಿದ್ದೆ. ಕೊನೆಗೆ ಯೆಹೆಜ್ಕೇಲನ ಉತ್ತರವೇ ನನ್ನ ಪ್ರಾರ್ಥನೆಯಾಯಿತು. ಒಣಗಿದ ಎಲುಬುಗಳು ತುಂಬಿದ್ದ ಕಣಿವೆಯಲ್ಲಿ ಆ ಪ್ರವಾದಿಯನ್ನು ನಿಲ್ಲಿಸಿ, ಈ ಎಲುಬುಗಳು ಬದುಕಬಲ್ಲವೇ ಎಂದು ದೇವರು ಕೇಳಿದಾಗ ಅವನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ಕರ್ತನೇ ನೀನೇ ಬಲ್ಲೆ ಎಂದ. ಪಟ್ಟಿಯಲ್ಲಿದ್ದಷ್ಟು ಕಾಲವೂ ನಾನು ಹೇಳಿದ್ದು ಅಷ್ಟನ್ನೇ.

ಆಸ್ಪತ್ರೆಯ ಕಸಿ ಸಂಯೋಜಕಿಯ ಕರೆ ರಾತ್ರಿ ಬಂತು. ಏನೂ ತಿನ್ನದೆ, ಕುಡಿಯದೆ ಕೂಡಲೇ ಹೊರಟು ಬರಬೇಕೆಂದರು. ಅಲ್ಲಿಗೆ ಹೋದ ಮೇಲೆ ತಿಳಿಯಿತು, ನನ್ನಂತೆಯೇ ಇನ್ನೊಬ್ಬ ಹೆಂಗಸನ್ನೂ ಕರೆಸಿದ್ದರು. ರಕ್ತದ ಹೊಂದಾಣಿಕೆಯ ಕೊನೆಯ ಪರೀಕ್ಷೆಯಲ್ಲಿ ಒಬ್ಬರಿಗೆ ಆಗದಿದ್ದರೆ ಮೂತ್ರಪಿಂಡ ವ್ಯರ್ಥವಾಗಬಾರದೆಂದು ಮುಂದಿನ ಸರದಿಯವರನ್ನೂ ಸಿದ್ಧವಾಗಿಟ್ಟಿರುತ್ತಾರೆ. ನನಗೆ ಹೊಂದಿತು. ಆಕೆ ಹೊದ್ದಿದ್ದ ಶಾಲನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತ, ಹೋಗಿ ಬನ್ನಿ ಅಕ್ಕಾ, ಒಳ್ಳೆಯದಾಗಲಿ ಎಂದು ನನಗೆ ಹೇಳಿ, ಬೆಳಗಾದ ಮೇಲೆ ಮತ್ತೆ ಡಯಾಲಿಸಿಸ್‌ಗೆ ತಿರುಗಿ ಹೋದರು. ಈ ಒಂದು ವರ್ಷದಲ್ಲಿ ನನ್ನ ಕೃತಜ್ಞತಾಸ್ತುತಿ ಪ್ರತಿದಿನವೂ ಈ ಹೆಂಗಸಿನ ಬಳಿಗೆ ಬಂದು ತಡವರಿಸುತ್ತದೆ.

ಇನ್ನು, ದಾನ ಮಾಡಿದ ಆ ಕುಟುಂಬ. ನಿಯಮದ ಪ್ರಕಾರ ಅವರ ಹೆಸರು ನನಗೂ ನನ್ನದು ಅವರಿಗೂ ತಿಳಿಯುವಂತಿಲ್ಲ. ಮಿದುಳಿನ ಸಾವನ್ನು ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು ಎಂಬುದು ನಮ್ಮ ದೇಶದ ಕಾನೂನು. ಯಂತ್ರದ ಸಹಾಯದಿಂದ ಎದೆ ಇನ್ನೂ ಏರಿಳಿಯುತ್ತಿರುವ ತಮ್ಮವರನ್ನು ನೋಡುತ್ತ ಆ ಗಂಟೆಗಳನ್ನು ಕಳೆದು, ಸಮ್ಮತಿಪತ್ರಕ್ಕೆ ಸಹಿ ಹಾಕಿದ ಮನೆಯವರು ಅವರು. ಸ್ನೇಹಿತರಿಗಾಗಿ ಪ್ರಾಣ ಕೊಡುವ ಪ್ರೀತಿಯ ವಚನವನ್ನು ಸಾಕ್ಷಿಯಲ್ಲಿ ಬಳಸಿರೆಂದು ಕೆಲವರು ಸೂಚಿಸಿದರು. ನಾನು ಬಳಸಲಾರೆ. ತೀರಿಕೊಂಡವರು ನನಗಾಗಿ ಸಾಯಲಿಲ್ಲ. ಅವರಿಗೂ ಬದುಕುವ ಆಸೆಯಿತ್ತು. ನನಗೆ ಉಳಿವು ಸಿಗಲೆಂದೇ ದೇವರು ಆ ಮನೆಯ ದೀಪ ಆರಿಸಿದನೆಂದು ಯಾರೂ ಹೇಳಬಾರದೆಂದೂ ಕೇಳಿಕೊಳ್ಳುತ್ತೇನೆ. ಅವರ ಧರ್ಮ ಯಾವುದೋ ತಿಳಿಯದು, ಅವರ ದುಃಖ ಎಷ್ಟಿದೆಯೋ ತಿಳಿಯದು. ಯೆಹೋವನು ನನಗೆ ಮಾಡಿದ ಉಪಕಾರಗಳಿಗೆ ಬದಲೇನು ಕೊಡಲಿ ಎಂದು 116ನೆಯ ಕೀರ್ತನೆ ಕೇಳುತ್ತದೆ. ಆ ಪ್ರಶ್ನೆಯಲ್ಲಿ ದೇವರ ಹೆಸರಿನ ಜೊತೆಗೆ ಈ ಹೆಸರಿಲ್ಲದವರನ್ನೂ ಸೇರಿಸಿ ಓದುವುದು ನನಗೆ ರೂಢಿಯಾಗಿದೆ.

ಕಸಿಯಾದ ಮೇಲೆ ಸೋಂಕಿನ ಭಯದಿಂದ ತಿಂಗಳುಗಟ್ಟಲೆ ಸಭೆಗೆ ಬರಲಾಗಲಿಲ್ಲ. ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಹನ್ನೆರಡು ಗಂಟೆಗೊಮ್ಮೆ ತಪ್ಪದೆ, ಜೀವನಪೂರ್ತಿ ತೆಗೆದುಕೊಳ್ಳಬೇಕು. ಎಲ್ಲರೂ ಕುಡಿಯುವ ಪಾತ್ರೆಯಿಂದ ದ್ರಾಕ್ಷಾರಸ ಪಡೆಯುವುದು ನನಗೆ ತಕ್ಕದ್ದಲ್ಲವೆಂದು ತಿಳಿದ ಸಭಾಪಾಲಕರು, ನಾನು ಮರಳಿದ ಮೊದಲ ಭಾನುವಾರ ಕರ್ತನ ಭೋಜನವನ್ನು ನನಗೇ ಮೊದಲು ಕೊಟ್ಟರು. ಯಾರ ತುಟಿಯೂ ತಾಗದ ಪಾತ್ರೆಯಲ್ಲಿ ರೊಟ್ಟಿಯ ತುಣುಕನ್ನು ಅದ್ದಿ ನನ್ನ ಅಂಗೈಯಲ್ಲಿಟ್ಟರು. ಅದಕ್ಕಾಗಿ ಸಾಲಿನಲ್ಲಿ ಮುಂದೆ ನಿಂತಿದ್ದ ಹಿರಿಯರು ಹಿಂದೆ ಸರಿದು ಜಾಗ ಬಿಟ್ಟರು. ಅವರಿಗೆ ಅಂದು ಏನೂ ಹೇಳಲಾಗಿರಲಿಲ್ಲ. ಈಗ ಹೇಳುತ್ತಿದ್ದೇನೆ, ವಂದನೆಗಳು.

ಎರಡು ಬಿನ್ನಹಗಳಿವೆ. ಸಭೆಯ ಪ್ರಾರ್ಥನಾ ಪಟ್ಟಿಯಲ್ಲಿ ಇನ್ನೂ ಉಳಿದಿರುವ ನನ್ನ ಹೆಸರನ್ನು ತೆಗೆದು, ಆ ಜಾಗದಲ್ಲಿ ಅಂದು ಶಾಲು ಮಡಚಿಕೊಂಡು ಹಿಂತಿರುಗಿದ ಸಹೋದರಿ ಎಂದು ಬರೆಯಬೇಕು. ಅಂಗಾಂಗ ದಾನದ ಪ್ರತಿಜ್ಞೆಗೆ ಸಹಿ ಹಾಕಿರುವವರು ಆ ಮಾತನ್ನು ಮನೆಯವರಿಗೂ ತಿಳಿಸಿರಬೇಕು. ಸಮಯ ಬಂದಾಗ ಕೇಳುವುದು ಅವರ ಒಪ್ಪಿಗೆಯನ್ನೇ. ಡಯಾಲಿಸಿಸ್ ವಾರ್ಡಿನಲ್ಲಿ ರೋಗಿಗಳ ಬಳಿ ಕೂರುವ ಸರದಿ ಸ್ತ್ರೀ ಸಮಾಜದವರಿಂದ ಈಗಲೂ ನಡೆಯುತ್ತಿದೆ. ವೈದ್ಯರ ಅನುಮತಿ ದೊರೆತಿರುವುದರಿಂದ ಮುಂದಿನ ತಿಂಗಳಿಂದ ಗುರುವಾರದ ಬೆಳಗಿನ ಪಾಳಿಗೆ ನನ್ನ ಹೆಸರನ್ನು ಕೊಟ್ಟಿದ್ದೇನೆ. ಮಾಸ್ಕ್ ಹಾಕಿಕೊಂಡೇ ಬರುತ್ತೇನೆ, ಕಾಕಾನ ಆಟೋದಲ್ಲೇ.