ಬರಿಗೈ ಅಂದೆಯಲ್ಲ ಪುಟ್ಟಿ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಮನೆಯ ಸಮಾಚಾರವೆಲ್ಲ ನಿನ್ನಮ್ಮ ದಿನಾ ಫೋನಿನಲ್ಲಿ ಹೇಳುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ಕ್ರಿಕೆಟ್ ಕ್ಯಾಂಪು, ಊಟ, ಹೊಸ ಬ್ಯಾಟು, ಎಲ್ಲ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ, ಪುಟದ ಅಂಚಿಗೆ ಒಂದು ಸಾಲು ಸೇರಿಸಿದ್ದೀಯ. "ಇಷ್ಟೆಲ್ಲ ಮಾಡಿ ಕೊನೆಗೆ ಬರಿಗೈಯಲ್ಲಿ ಮನೆಗೆ ಬಂದರೆ, ಚಿಕ್ಕಜ್ಜಿ?" ಅದನ್ನು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಮಿಥಾಲಿ ರಾಜ್ ಹೆಸರನ್ನೂ ಬರೆದಿದ್ದೀಯ. ಅಷ್ಟು ಆಡಿದವಳಿಗೇ ವಿಶ್ವಕಪ್ ಸಿಗಲಿಲ್ಲ ಅಂತ. ಇಲ್ಲ ಅಂತ ನಾನು ಹೇಗೆ ಹೇಳಲಿ? 16 ವರ್ಷಕ್ಕೆ ತಂಡಕ್ಕೆ ಬಂದವಳು 39ರವರೆಗೆ ಆಡಿದಳು. 232 ಏಕದಿನ ಪಂದ್ಯ, 7805 ರನ್ನು. ಅದರಲ್ಲಿ 155 ಪಂದ್ಯಕ್ಕೆ ಅವಳೇ ಕ್ಯಾಪ್ಟನ್. 2005ರಲ್ಲಿ ಒಮ್ಮೆ, 2017ರಲ್ಲಿ ಇನ್ನೊಮ್ಮೆ ತಂಡವನ್ನು ಫೈನಲ್ ತನಕ ಕರೆದುಕೊಂಡು ಹೋದಳು. ಎರಡು ಸಲವೂ ಸೋಲು.

2017ರ ಆ ಲಾರ್ಡ್ಸ್ ಫೈನಲ್ ನನಗೆ ನಿನ್ನೆ ನೋಡಿದ ಹಾಗಿದೆ. ನಮಗೆ ಬೇಕಿದ್ದದ್ದು 229. ಮಿಥಾಲಿ 17 ರನ್ನಿಗೆ ರನೌಟ್ ಆಗಿದ್ದಳು. ಆದರೂ 3 ವಿಕೆಟ್ಟಿಗೆ 191 ಬಂತು. ನಮ್ಮ ಕಡೂರಿನ ವೇದಾ ಕ್ರೀಸಿನಲ್ಲಿದ್ದಳು. ಇನ್ನೇನು ಗೆದ್ದೆವು ಅಂತ ನಾನು ದೇವರ ಮುಂದೆ ದೀಪ ಹಚ್ಚಿ ಬಂದೆ. ಬಂದು ಕೂತಮೇಲೆ ಒಂದೊಂದೇ ವಿಕೆಟ್ ಬೀಳತೊಡಗಿತು. 219ಕ್ಕೆ ಮುಗಿಯಿತು. ಬರೀ 9 ರನ್ನು.

ಮಿಥಾಲಿ 2022ರ ಜೂನ್‌ನಲ್ಲಿ ಆಟ ಬಿಟ್ಟಳು. ಗಂಡಸರಿಗೆ ಕೊಡುವಷ್ಟೇ ಪಂದ್ಯದ ಸಂಭಾವನೆ ಹೆಂಗಸರಿಗೂ ಅಂತ ಕ್ರಿಕೆಟ್ ಮಂಡಳಿ ಹೇಳಿದ್ದು ಅದೇ ಅಕ್ಟೋಬರ್‌ನಲ್ಲಿ. ಮಹಿಳೆಯರ ಲೀಗ್ ಶುರುವಾದದ್ದು ಮುಂದಿನ ಮಾರ್ಚ್‌ನಲ್ಲಿ. ಅವಳು ಎದ್ದುಹೋದ ಮೇಲೆ ಎಲೆ ಹಾಕಿದ ಹಾಗಾಯಿತು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಧೈರ್ಯ ಹೇಳಲು ಕೂತವಳು ನಿನ್ನ ಭಯವನ್ನೇ ದೊಡ್ಡದು ಮಾಡುತ್ತಿದ್ದೇನೆ ಅನಿಸಿತು. ಆದರೆ ನಿನಗೆ ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳುತ್ತೇನೆ.

1976ರ ಅಕ್ಟೋಬರ್ ಕೊನೆ. ಭಾರತದ ಹೆಂಗಸರು ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲೇ, ಈಗಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ, ವೆಸ್ಟ್ ಇಂಡೀಸ್ ಮೇಲೆ. ಕ್ಯಾಪ್ಟನ್ ನಮ್ಮೂರಿನವರೇ, ಶಾಂತಾ ರಂಗಸ್ವಾಮಿ. ನನ್ನ ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದರು. ಶಾಂತಾ ಅವರು ಕೈ ತೋರಿಸಿ ಫೀಲ್ಡರುಗಳನ್ನು ಆಚೆ ಈಚೆ ನಿಲ್ಲಿಸುತ್ತಿದ್ದರು. ಒಬ್ಬ ಹೆಣ್ಣುಮಗಳು ಅಷ್ಟು ದೊಡ್ಡ ಬಯಲಿನಲ್ಲಿ ಹೀಗೆ ನಿಲ್ಲು, ಹಾಗೆ ನಿಲ್ಲು ಅಂತ ಹೇಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಗೆದ್ದರು. ಮುಂದಿನ ಜನವರಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಅವರು 108 ಹೊಡೆದರು. ಟೆಸ್ಟ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಮೊದಲ ಶತಕ ಅದು.

ನಾನೂ ಆಗ ಕಾಲೇಜು ತಂಡದಲ್ಲಿ ಆಡುತ್ತಿದ್ದೆ, ಅದು ನಿನಗೆ ಗೊತ್ತು. ಮದುವೆಯಾಗಿ ಆಟ ನಿಂತಿತು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ ಅಲ್ವಾ? ಅದು ನಿಜವಲ್ಲ ಪುಟ್ಟಿ.

ಒಂದು ಸೆಲೆಕ್ಷನ್‌ಗೆ ನನ್ನನ್ನು ಕರೆದಿದ್ದರು. ಅಪ್ಪ ಹೊಸ ಕ್ಯಾನ್ವಾಸ್ ಶೂ ತಂದಿದ್ದರು. ಆದರೆ ದೊಡ್ಡ ಹುಡುಗಿಯರು ಹೇಳಿದ್ದನ್ನು ನಾನು ಕೇಳಿದ್ದೆ. ಕೈಯಿಂದ ದುಡ್ಡು ಹಾಕಿಕೊಳ್ಳಬೇಕು, ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಹೋಗಬೇಕು, ನೆಲದ ಮೇಲೆ ಮಲಗಬೇಕು. ಇಷ್ಟೆಲ್ಲ ಮಾಡಿ ಕೊನೆಗೆ ಏನು ಸಿಗುತ್ತೆ ಅಂತ ರಾತ್ರಿಯೆಲ್ಲ ಯೋಚಿಸಿದೆ. ನೀನು ಬರೆದ ಸಾಲೇ ಅದು. ಬೆಳಿಗ್ಗೆ ಜ್ವರ ಅಂತ ಹೊದ್ದು ಮಲಗಿಬಿಟ್ಟೆ. ಅಪ್ಪ ಹಣೆ ಮುಟ್ಟಿ ನೋಡಿದರು. ಬಿಸಿ ಇರಲಿಲ್ಲ. ಆದರೂ ಏನೂ ಕೇಳದೆ ಒದ್ದೆ ಬಟ್ಟೆ ತಂದು ಇಟ್ಟರು.

ಮದುವೆಯಾದದ್ದು ಅದಾಗಿ ಎರಡು ವರ್ಷಕ್ಕೆ. ಆಮೇಲೆ ಯಾರು ಕೇಳಿದರೂ ಮದುವೆ ಅಂದೆ. ನಿಮ್ಮ ಚಿಕ್ಕತಾತ ಒಂದು ದಿನವೂ ಎದುರು ಹೇಳಲಿಲ್ಲ. ಆಟ ನಿಲ್ಲಿಸಿದವರು ಅನ್ನುವ ಹೆಸರು ಹೊತ್ತುಕೊಂಡೇ ಹೋದರು. ಅವರಿಗಾದರೂ ನಿಜ ಹೇಳಬೇಕಿತ್ತು.

ಅದಕ್ಕೇ ನಿನ್ನ ಆ ಸಾಲು ನನ್ನನ್ನು ಹೀಗೆ ಕಲಕಿದ್ದು. ಬರಿಗೈಗೆ ಹೆದರಿ ನಾನು ಹೋಗಲೇ ಇಲ್ಲ. ಹೋಗದೆಯೂ ಕೈ ಬರಿದಾಗಿಯೇ ಉಳಿಯಿತು.

ಮಿಥಾಲಿಯ ಕೈಯನ್ನು ಮಾತ್ರ ಬರಿಗೈ ಅನ್ನಲು ನನ್ನ ಬಾಯಿ ಬರುವುದಿಲ್ಲ. 2002ರಲ್ಲಿ ಲಖನೌದಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲಿ ಅವಳದು ಸೊನ್ನೆ. ಅದೇ ವರ್ಷ ಇಂಗ್ಲೆಂಡಿನ ಟೌಂಟನ್‌ನಲ್ಲಿ 214, ಆಗ ವಿಶ್ವದಾಖಲೆ. ವಯಸ್ಸು 19. 2017ರಲ್ಲಿ ಸೋತರೆ ಮನೆಗೆ ಅನ್ನುವ ನ್ಯೂಜಿಲೆಂಡ್ ಪಂದ್ಯದಲ್ಲಿ 109 ಹೊಡೆದಳು. ವೇದಾ 70 ಹೊಡೆದಳು, ವಿಜಯಪುರದ ರಾಜೇಶ್ವರಿ 15 ರನ್ನಿಗೆ 5 ವಿಕೆಟ್ ಕಿತ್ತಳು. ಅವತ್ತು ನಾನು ಒಬ್ಬಳೇ ಮನೆಯಲ್ಲಿ ಚಪ್ಪಾಳೆ ತಟ್ಟಿದ್ದೆ.

2025ರ ನವೆಂಬರ್ 2ರ ರಾತ್ರಿ ಹರ್ಮನ್‌ಪ್ರೀತ್ ತಂಡ ವಿಶ್ವಕಪ್ ಗೆದ್ದಿತಲ್ಲ, ಆಮೇಲೆ ಅದನ್ನು ಮಿಥಾಲಿಯ ಕೈಗೂ, ಅವಳ ಜೊತೆ ಆಡಿದ ಬೌಲರ್ ಜೂಲನ್ ಗೋಸ್ವಾಮಿ ಕೈಗೂ ಕೊಟ್ಟರು. ನಾನು ಅತ್ತುಬಿಟ್ಟೆ. ತಾನೇ ಆಡಿ ಗೆಲ್ಲುವುದು ಬೇರೆ, ಅದು ನನಗೂ ಗೊತ್ತು. ಅವಳಿಗೆ ಒಳಗೆ ಏನನಿಸಿತೋ. ಆದರೆ ಅವಳು ಅದನ್ನು ಹಿಡಿದ ರೀತಿ ನೋಡಿದರೆ ಬೇರೆಯವರ ವಸ್ತು ಹಿಡಿದ ಹಾಗೆ ಕಾಣಲಿಲ್ಲ.

ಉಪದೇಶ ಮಾಡಲು ನನಗೆ ಯೋಗ್ಯತೆ ಇಲ್ಲ, ಆದರೂ ಒಂದೆರಡು ಮಾತು. ಡಿಗ್ರಿ ಪರೀಕ್ಷೆ ಬಿಡಬೇಡ. ಶಾಂತಾ ಅವರು ಕೆನರಾ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು, ಮಿಥಾಲಿ ರೈಲ್ವೇಸ್‌ಗೆ ಆಡುತ್ತಿದ್ದಳು. ತಿಂಗಳಿಗೆ ಸಂಬಳ ಬಂದರೆ ಭಯ ಸ್ವಲ್ಪ ಕಡಿಮೆಯಾಗುತ್ತೆ. ಪ್ಯಾಡ್ ಕಟ್ಟಿಕೊಂಡು ಕಾಯುವಾಗ ಮಿಥಾಲಿ ಪುಸ್ತಕ ಓದುತ್ತಿದ್ದಳು, ನೀನು ಫೋನ್ ನೋಡುತ್ತೀಯ ಅಂತ ನಿನ್ನಮ್ಮ ಹೇಳಿದಳು. ಸುಮ್ನೆ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡ. ಮಂಡಿ ನೋವು ಜಾಸ್ತಿಯಾದರೆ ಕೋಚ್ ಹತ್ತಿರ ಮುಚ್ಚಿಡಬೇಡ.

ಕೊನೆಗೆ ಏನು ಸಿಗುತ್ತೆ ಅಂತ ನನಗೆ ಗೊತ್ತಿಲ್ಲ ಪುಟ್ಟಿ. ಸೆಲೆಕ್ಷನ್ ದಿನ ಬೆಳಿಗ್ಗೆ ನನಗೆ ಫೋನ್ ಮಾಡು. ಎಷ್ಟು ಬೇಗ ಆದರೂ ಪರವಾಗಿಲ್ಲ, ನಾನು ಎದ್ದಿರುತ್ತೇನೆ.

ಜ್ವರದ ವಿಷಯ ನಿಮ್ಮಜ್ಜಿಗೆ ಇನ್ನೂ ಹೇಳಿಲ್ಲ. ನೀನು ಹೇಳಬೇಡ. ಈ ಹಬ್ಬಕ್ಕೆ ಅಕ್ಕ ಬಂದಾಗ ನಾನೇ ಹೇಳುತ್ತೇನೆ.

ನಿನ್ನ,
ಚಿಕ್ಕಜ್ಜಿ