ಶಿಂಚುವಿನಿಂದ ಅಪ್ಪನಿಗೆ: ಇಲ್ಲಿಯವರ ಕಣ್ಣಲ್ಲಿ ಅಮೆರಿಕ

ಶಿಂಚು, ತೈವಾನ್
ನವೆಂಬರ್ 2025

ತೀರ್ಥರೂಪ ಅಪ್ಪನಿಗೆ ಸುಮಾ ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಊಟಕ್ಕೇನೂ ತೊಂದರೆಯಿಲ್ಲ ಅಂತ ಮೊದಲು ಅಮ್ಮನಿಗೆ ಹೇಳಿಬಿಡಿ. ಬೌದ್ಧರ ದಯೆಯಿಂದ ಇಲ್ಲಿ ಸಸ್ಯಾಹಾರದ ಅಂಗಡಿಗಳಿಗೆ ಬರವಿಲ್ಲ. ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟದವರಿದ್ದಾರೆ, ಅಜ್ಜಿ ಇದ್ದಿದ್ದರೆ ಮೆಚ್ಚಿಕೊಳ್ಳುತ್ತಿದ್ದರು. ಗಾಳಿ ಮಾತ್ರ ವಿಪರೀತ. ಈ ಊರಿನವರು ಇದೇ ಗಾಳಿಗೆ ಅಕ್ಕಿ ಶಾವಿಗೆ ಒಣಗಿಸಿ ಹೆಸರು ಮಾಡಿದ್ದಾರೆ, ನಾನು ಕೊಡೆ ಮುರಿದುಕೊಂಡಿದ್ದೇನೆ.

"ಅಲ್ಲಿಯವರು ಯಾರ ಕಡೆ, ಟ್ರಂಪ್ ಕಡೆಯೋ ಡೆಮಾಕ್ರಟರ ಕಡೆಯೋ?" ಅಂತ ಹೋದ ವಾರ ಫೋನಿನಲ್ಲಿ ಕೇಳಿದಿರಿ. ಒಂದೇ ಮಾತಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅಂತ ಆಗ ಮಾತು ತೇಲಿಸಿದೆ. ಈಗ ಬರೆಯುತ್ತೇನೆ. ಸ್ವಲ್ಪ ಉದ್ದವಾದರೆ ಬೈಯಬೇಡಿ.

ಮೊದಲು ನನ್ನ ಪಕ್ಕದ ಮೇಜಿನ ಗೆಳತಿಯ ವಿಷಯ. ಲ್ಯಾಬಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. 2019ರಲ್ಲಿ ಸಲಿಂಗ ಮದುವೆಗೆ ಕಾನೂನು ಬಂದಾಗ ಬೀದಿಗಿಳಿದು ಕುಣಿದವಳು. ಸರ್ಕಾರಿ ಆರೋಗ್ಯ ವಿಮೆಯ ಬಗ್ಗೆ ಒಂದು ಕೆಟ್ಟ ಮಾತಾಡಿದರೂ ಜಗಳಕ್ಕೆ ಬರುತ್ತಾಳೆ. ಬಂದೂಕು ಅಂದರೆ ಆಗದು. ಅಮೆರಿಕದಲ್ಲಿ ಹುಟ್ಟಿದ್ದರೆ ಇವಳ ಓಟು ಎಲ್ಲಿಗೆ ಹೋಗುತ್ತಿತ್ತು ಅಂತ ಯಾರೂ ಹೇಳಬೇಕಿಲ್ಲ. ಆದರೆ 2020ರಲ್ಲಿ ಟ್ರಂಪ್ ಗೆಲ್ಲಲಿ ಅಂತ ಹಾರೈಸಿದ್ದಳಂತೆ! ಇವಳೊಬ್ಬಳೇ ಅಲ್ಲ. ಆ ಚುನಾವಣೆಗೆ ಮುಂಚೆ ಯೂಗವ್ ಸಂಸ್ಥೆ ಏಷ್ಯಾ-ಪೆಸಿಫಿಕ್‌ನ ಹಲವು ಕಡೆ ಜನರನ್ನು ಕೇಳಿದಾಗ, ಬೈಡನ್‌ಗಿಂತ ಟ್ರಂಪ್ ಕಡೆ ಹೆಚ್ಚು ಒಲವು ಕಂಡದ್ದು ತೈವಾನಿನಲ್ಲಿ ಮಾತ್ರ.

ಕಾರಣ ಕೇಳಿದೆ. 2016ರ ಡಿಸೆಂಬರಿನಲ್ಲಿ, ಇನ್ನೂ ಅಧಿಕಾರಕ್ಕೇ ಬರದ ಟ್ರಂಪ್ ಇಲ್ಲಿನ ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಜೊತೆ ಫೋನಿನಲ್ಲಿ ಮಾತಾಡಿದ್ದರು. ಅಮೆರಿಕ ಇವರ ಜೊತೆ ಅಧಿಕೃತ ಸಂಬಂಧ ಕಡಿದುಕೊಂಡ 1979ರಿಂದ ಯಾವ ಅಮೆರಿಕನ್ ಅಧ್ಯಕ್ಷನೂ ಮಾಡದ ಕೆಲಸ. ಆಮೇಲೆ ಚೀನಾ ಸಾಮಾನಿನ ಮೇಲೆ ಸುಂಕ ಹಾಕಿದರು, 2019ರಲ್ಲಿ 66 ಹೊಸ ಎಫ್-16 ಯುದ್ಧವಿಮಾನ ಮಾರಲು ಒಪ್ಪಿದರು. "ನಿಮಗೆ ಆಯ್ಕೆ ಮಾಡಲು ನೂರು ವಿಷಯ ಇರುತ್ತೆ ಅಕ್ಕಾ, ನಮಗೆ ಇರೋದು ಒಂದೇ, ಚೀನಾ," ಅಂದಳು. ಇವಳು ನನ್ನನ್ನು ಅಕ್ಕಾ ಅಂತಲೇ ಕರೆಯೋದು, ನಾನೇ ಕಲಿಸಿದ್ದು.

ಈಗ ಅವಳಿಗೆ ಆ ಉತ್ಸಾಹ ಇಲ್ಲ. ತೈವಾನ್ ನಮ್ಮ ಚಿಪ್ ವ್ಯಾಪಾರ ಕಿತ್ತುಕೊಂಡಿತು, ರಕ್ಷಣೆಗೆ ದುಡ್ಡು ಕೊಡಲಿ ಅಂತ ಟ್ರಂಪ್ ಕಳೆದ ವರ್ಷ ಹೇಳಿದ್ದು ಇಲ್ಲಿ ಎಲ್ಲರಿಗೂ ಚುಚ್ಚಿದೆ. ಈ ಏಪ್ರಿಲ್‌ನಲ್ಲಿ 32% ಸುಂಕ ಅಂದರು, ಆಗಸ್ಟ್‌ನಲ್ಲಿ 20%ಕ್ಕೆ ಇಳಿಸಿದರು. ನಮ್ಮ ಕ್ಯಾಂಪಸ್ಸಿನಿಂದ ಕೂಗಳತೆಯಲ್ಲೇ ಚಿಪ್ ತಯಾರಿಸುವ ಟಿಎಸ್‌ಎಂಸಿ ಕಂಪನಿಯ ಮುಖ್ಯ ಕಚೇರಿ. ಅದನ್ನು ಇವರು ದೇಶ ಕಾಯುವ ದೇವರ ಬೆಟ್ಟ ಅಂತಾರೆ. ಆ ಕಂಪನಿ ಅರಿಝೋನಾದಲ್ಲಿ ಹೂಡುವ ಹಣ ಈ ಮಾರ್ಚ್‌ನಲ್ಲಿ 165 ಬಿಲಿಯನ್ ಡಾಲರಿಗೆ ಏರಿತು. ಬೆಟ್ಟವನ್ನೇ ಕಿತ್ತುಕೊಂಡು ಹೋದರೆ ಆಮೇಲೆ ನಮ್ಮನ್ನು ಕಾಯೋದಕ್ಕೆ ಅಮೆರಿಕ ಯಾಕೆ ಬರುತ್ತೆ ಅಂತ ಕ್ಯಾಂಟೀನಿನಲ್ಲಿ ದಿನಾ ಚರ್ಚೆ. ಇದು ಟ್ರಂಪ್ ಒಬ್ಬರ ಕೆಲಸವೂ ಅಲ್ಲ ಅಂತ ಅವರಿಗೆ ಗೊತ್ತು. ಕಾರ್ಖಾನೆ ಅಲ್ಲಿಗೆ ಅಂತ ಮೊದಲು ಘೋಷಣೆಯಾದದ್ದು 2020ರಲ್ಲಿ, ಟ್ರಂಪ್ ಕಾಲದಲ್ಲಿ. ಅದಕ್ಕೆ ಸಹಾಯಧನ ಕೊಟ್ಟದ್ದು ಬೈಡನ್ ತಂದ ಕಾನೂನು.

ಇನ್ನು ನಮ್ಮ ಮನೆ ಓನರ್ ಆಂಟಿ. ಎಪ್ಪತ್ತು ದಾಟಿದೆ. ಅವರ ತಂದೆ 1949ರಲ್ಲಿ, ಚೀನಾದಲ್ಲಿ ಕಮ್ಯುನಿಸ್ಟರಿಗೆ ಸೋತ ಚಿಯಾಂಗ್ ಕೈ-ಶೇಕ್ ಸೈನ್ಯದ ಜೊತೆ ಸಮುದ್ರ ದಾಟಿ ಬಂದವರು. ಹಾಗಾಗಿ ಮನೆಮಂದಿಯೆಲ್ಲ ನೀಲಿ, ಅಂದರೆ ಚಿಯಾಂಗ್ ಅವರ ಕುವೊಮಿಂಟಾಂಗ್ ಪಕ್ಷ. ಅಮೆರಿಕದ ಮಾತು ಬಂದರೆ ಸಾಕು, ಟೀ ಲೋಟ ಕೆಳಗಿಟ್ಟು 1978ಕ್ಕೆ ಹೋಗಿಬಿಡುತ್ತಾರೆ. ಆ ಡಿಸೆಂಬರ್ 16ರ ಬೆಳಗಿನ ಜಾವ ಎರಡು ಗಂಟೆ ಸುಮಾರಿಗೆ ಅಮೆರಿಕದ ರಾಯಭಾರಿ ಆಗಿನ ಅಧ್ಯಕ್ಷ, ಚಿಯಾಂಗ್ ಮಗ ಚಿಯಾಂಗ್ ಚಿಂಗ್-ಕುವೊ ಅವರನ್ನು ನಿದ್ದೆಯಿಂದ ಎಬ್ಬಿಸಿ, ಜನವರಿ 1ರಿಂದ ನಮ್ಮ ಸಂಬಂಧ ಬೀಜಿಂಗ್ ಜೊತೆ ಅಂತ ಹೇಳಿದರು. ಕೆಲವೇ ಗಂಟೆಗಳಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಟಿವಿಯಲ್ಲಿ ಘೋಷಿಸಿದರು. ತಿಂಗಳ ಕೊನೆಗೆ ಸಮಾಧಾನ ಹೇಳಲು ಅಮೆರಿಕದ ಉಪ ವಿದೇಶಾಂಗ ಮಂತ್ರಿ ವಾರನ್ ಕ್ರಿಸ್ಟೋಫರ್ ಅನ್ನುವವರು ತೈಪೇಗೆ ಬಂದಿಳಿದಾಗ ಜನ ಕಾರು ಮುತ್ತಿ ಮೊಟ್ಟೆ, ಮಣ್ಣು ಎಸೆದರು. ಆಂಟಿ ಆ ಗುಂಪಿನಲ್ಲಿದ್ದರಂತೆ. "ನಾನು ಎಸೆಯಲಿಲ್ಲ, ಆಗ ಮೊಟ್ಟೆ ಸುಮ್ಮನೆ ಹಾಳುಮಾಡೋ ಸ್ಥಿತಿ ನಮ್ಮದಲ್ಲ," ಅಂತ ನಕ್ಕರು. ಕಾರ್ಟರ್ ಡೆಮಾಕ್ರಟ್ ಅಲ್ಲವಾ, ಅದಕ್ಕೇ ನಿಮಗೆ ಆ ಪಕ್ಷ ಆಗದಾ ಅಂತ ಕೇಳಿದೆ. ಬೀಜಿಂಗ್ ಕಡೆ ಬಾಗಿಲು ತೆಗೆದದ್ದು ರಿಪಬ್ಲಿಕನ್ ನಿಕ್ಸನ್, ಒಳಗೆ ಹೋಗಿ ಕೂತದ್ದು ಕಾರ್ಟರ್, ಇಬ್ಬರೂ ಒಂದೇ ಅಂದರು.

ಅಪ್ಪಾ, ಈ ನಿಕ್ಸನ್ ಯಾರು ಅಂತ ನಿಮಗೆ ನಾನು ಹೇಳಬೇಕಿಲ್ಲ. ಬಾಂಗ್ಲಾ ಯುದ್ಧದ ಹೊತ್ತಿಗೆ ಏಳನೇ ನೌಕಾಪಡೆಯ ಹಡಗುಗಳನ್ನು ಬಂಗಾಳ ಕೊಲ್ಲಿಗೆ ಕಳಿಸಿದ ಅಂತ ನೀವು ಇವತ್ತಿಗೂ ಬೈಯುವ ಅದೇ ನಿಕ್ಸನ್. ಅದೇ 1971ರ ಜುಲೈನಲ್ಲಿ ಅವರ ಸಲಹೆಗಾರ ಕಿಸಿಂಜರ್ ಗುಟ್ಟಾಗಿ ಬೀಜಿಂಗ್‌ಗೆ ಹಾರಿದ್ದು ಪಾಕಿಸ್ತಾನದಿಂದಲೇ. ಅಲ್ಲಿಯ ಅಧ್ಯಕ್ಷ ಯಾಹ್ಯಾ ಖಾನ್‌ನನ್ನು ಅಮೆರಿಕ ಬಿಟ್ಟುಕೊಡದೆ ಇದ್ದುದಕ್ಕೂ, ಆಂಟಿಯ ದೇಶ ಕೈಬಿಟ್ಟು ಹೋದದ್ದಕ್ಕೂ ದಾರಿ ಒಂದೇ ಆಗಿತ್ತು. ಅದನ್ನು ಹೇಳಿದೆ, ಅವರಿಗೆ ಬಹಳ ಹಿಡಿಸಿತು, ನಿಮ್ಮ ಆರೋಗ್ಯ ವಿಚಾರಿಸಿದರು. ಆದರೆ ಅದೇ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಸ್ಥಾನ ಇವರಿಂದ ಬೀಜಿಂಗ್‌ಗೆ ಹೋದಾಗ ಭಾರತವೂ ಬೀಜಿಂಗ್ ಪರವಾಗಿಯೇ ಮತ ಹಾಕಿತ್ತು. ಆ ಭಾಗ ಹೇಳಲಿಲ್ಲ. ಬಾಡಿಗೆಗೆ ಇರೋದು ಅವರ ಮನೆಯಲ್ಲೇ ಅಲ್ಲವಾ.

ರಿಪಬ್ಲಿಕನ್ನರು ಚೀನಾಕ್ಕೆ ಕಠಿಣ, ಡೆಮಾಕ್ರಟರು ಮೃದು ಅಂತ ನಮ್ಮ ಟಿವಿಯವರು ಹೇಳ್ತಾರಲ್ಲ, ಅದು ಇಲ್ಲಿ ನಿಲ್ಲುವುದಿಲ್ಲ. ತೈವಾನ್‌ಗೆ ನ್ಯಾಯ ಕೊಡಿಸುತ್ತೇನೆ ಅಂತ ಬಂದ ರೇಗನ್ 1982ರಲ್ಲಿ ಶಸ್ತ್ರ ಮಾರಾಟ ಕ್ರಮೇಣ ಕಡಿಮೆ ಮಾಡುತ್ತೇವೆ ಅಂತ ಬೀಜಿಂಗ್‌ಗೆ ಬರೆದುಕೊಟ್ಟರು, ಅದೇ ಹೊತ್ತಿಗೆ ಇವರಿಗೂ ಬೇರೆ ಆರು ಭರವಸೆ ಕೊಟ್ಟರು. ದೊಡ್ಡ ಬುಷ್ 1992ರ ಚುನಾವಣೆಯ ವರ್ಷ 150 ಎಫ್-16 ಕೊಟ್ಟರು, ಆಗ ಆ ವಿಮಾನ ತಯಾರಾಗುತ್ತಿದ್ದುದು ಟೆಕ್ಸಾಸ್‌ನಲ್ಲಿ ಅನ್ನೋದನ್ನು ಮರೆಯಬೇಡಿ. ಡೆಮಾಕ್ರಟ್ ಕ್ಲಿಂಟನ್ 1996ರಲ್ಲಿ ಚೀನಾ ಕ್ಷಿಪಣಿ ಹಾರಿಸಿದಾಗ ಎರಡು ವಿಮಾನವಾಹಕ ನೌಕಾ ತಂಡ ಕಳಿಸಿದರು; ಎರಡು ವರ್ಷಕ್ಕೆ ಶಾಂಘೈಗೆ ಹೋಗಿ ತೈವಾನ್ ಸ್ವಾತಂತ್ರ್ಯಕ್ಕೆ ನಮ್ಮ ಬೆಂಬಲ ಇಲ್ಲ ಅಂದರು. ಬೈಡನ್ ರಕ್ಷಿಸುತ್ತೇವೆ ಅಂತ ಮತ್ತೆ ಮತ್ತೆ ಹೇಳಿದರು. ಪ್ರತಿಸಲವೂ ಶ್ವೇತಭವನ ನಮ್ಮ ನೀತಿ ಬದಲಾಗಿಲ್ಲ ಅಂತ ಸೇರಿಸಿತು.

ಹಸಿರು ಪಕ್ಷದ, ಅಂದರೆ ಕುವೊಮಿಂಟಾಂಗ್ ಎದುರಾಳಿ ಡಿಪಿಪಿಯ ಹಿರಿಯರದು ಬೇರೆಯೇ ಕಥೆ. ನಮ್ಮ ಪ್ರೊಫೆಸರ್ ಆ ಪೈಕಿ. ಇಲ್ಲಿ 1949ರಿಂದ 1987ರವರೆಗೆ ಮಾರ್ಷಲ್ ಲಾ ಇತ್ತು. ಆಗ ವಾಷಿಂಗ್ಟನ್ನಿನಲ್ಲಿ ಚಿಯಾಂಗ್ ಮನೆತನಕ್ಕೆ ಗಟ್ಟಿ ಸ್ನೇಹಿತರು ಅಂದರೆ ಬಲಪಂಥದ ರಿಪಬ್ಲಿಕನ್ನರು. ಜೈಲಿಗೆ ಹೋದ ವಿರೋಧಿಗಳ ಪರ ಅಮೆರಿಕದ ಸಂಸತ್ತಿನಲ್ಲಿ ದನಿ ಎತ್ತಿದ್ದು ನ್ಯೂಯಾರ್ಕಿನ ಸ್ಟೀಫನ್ ಸೋಲಾರ್ಝ್, ಟೆಡ್ ಕೆನಡಿ, ಕ್ಲೇಬೋರ್ನ್ ಪೆಲ್, ಮೂವರೂ ಡೆಮಾಕ್ರಟರು. ಜೊತೆಗೆ ಜಿಮ್ ಲೀಚ್ ಅನ್ನುವ ಒಬ್ಬ ರಿಪಬ್ಲಿಕನ್. ಸೋಲಾರ್ಝ್ ಹೆಸರು ಹೇಳುವಾಗ ಪ್ರೊಫೆಸರ್ ದನಿಯೇ ಬದಲಾಗುತ್ತದೆ. ಕಾರ್ಟರ್ ಘೋಷಣೆ ಅವರಿಗೂ ಪೆಟ್ಟೇ: ಅದನ್ನೇ ನೆಪ ಮಾಡಿ ಸರ್ಕಾರ ಆ ತಿಂಗಳ ಚುನಾವಣೆಯನ್ನು ನಿಲ್ಲಿಸಿಬಿಟ್ಟಿತ್ತು. ಈಗ ನೋಡಿದರೆ ಅವರ ಪಕ್ಷದ ಹುಡುಗರಿಗೆ ರಿಪಬ್ಲಿಕನ್ನರ ಮೇಲೆ ಪ್ರೀತಿ, ಆಂಟಿಯ ಕಡೆಯವರಿಗೆ ಅಮೆರಿಕದ ಮೇಲೇ ಅನುಮಾನ. ಸ್ನೇಹಿತರು ಪೂರ್ತಿ ಅದಲು ಬದಲು.

ಈ ಅನುಮಾನವೆಲ್ಲ ಬೀಜಿಂಗ್ ಬಿತ್ತಿದ ಬೀಜ ಅಂತ ಹಸಿರಿನವರು ಹೇಳುತ್ತಾರೆ. ಬಿತ್ತುತ್ತಿರುವುದು ನಿಜ, ಮೊಬೈಲಿನಲ್ಲಿ ಬರುವ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ಆದರೆ 1978 ಯಾರೂ ಕಟ್ಟಿದ ಕಥೆಯಲ್ಲವಲ್ಲ. ಈ ಫೆಬ್ರವರಿ ಕೊನೆಗೆ ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿಯನ್ನು ಕ್ಯಾಮೆರಾಗಳ ಮುಂದೆ ಟ್ರಂಪ್ ಗದರಿಸಿದಾಗ ಇಲ್ಲಿ 1947ರಲ್ಲಿ ಕುವೊಮಿಂಟಾಂಗ್ ಸರ್ಕಾರ ನಡೆಸಿದ ಹತ್ಯಾಕಾಂಡದ ನೆನಪಿನ ರಜೆ. ಲ್ಯಾಬಿನ ವಾಟ್ಸಾಪಿನಂಥ ಗುಂಪೊಂದಿದೆ, ಲೈನ್ ಅಂತಾರೆ. ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಅದೇ ವಿಡಿಯೋ ಎಲ್ಲರೂ ಹಾಕಿದ್ದರು, ಕೆಳಗೆ ಯಾರೂ ಒಂದಕ್ಷರ ಬರೆದಿರಲಿಲ್ಲ.

ಜುಲೈನಲ್ಲಿ ವಾಯುದಾಳಿಯ ಅಣಕು ಅಭ್ಯಾಸ ನಡೆಯುತ್ತೆ. ಮಧ್ಯಾಹ್ನ ಒಂದೂವರೆಗೆ ಎಲ್ಲರ ಮೊಬೈಲೂ ಒಟ್ಟಿಗೆ ಕಿರುಚಿದವು, ನಾನು ನೂಡಲ್ಸ್ ಅಂಗಡಿಯಲ್ಲಿ ಸಿಕ್ಕಿಕೊಂಡೆ. ಅಂಗಡಿಯವನು ಒಲೆ ಆರಿಸಿ, ಶಟರ್ ಅರ್ಧ ಎಳೆದು, ಟಿವಿ ಸದ್ದು ಮಾತ್ರ ಹೆಚ್ಚಿಸಿದ. ಅಮೆರಿಕದ ಸುಂಕದ ಮೇಲೆ ವಾಗ್ವಾದ ನಡೀತಿತ್ತು. ಅರ್ಧ ಗಂಟೆ ಹೊರಗೆ ಹೋಗುವಂತಿಲ್ಲ, ಗಿರಾಕಿಗಳೂ ಶುರುಮಾಡಿದರು. ಒಬ್ಬ ಮುದುಕಪ್ಪ ಅಮೆರಿಕದ ಕೆಳಮನೆಯ ಸ್ಪೀಕರ್ ಆಗಿದ್ದ ನ್ಯಾನ್ಸಿ ಪೆಲೋಸಿಯ 2022ರ ಭೇಟಿ ಎತ್ತಿದ: "ಅವಳು ಬಂದಳು, ತೈಪೇ 101 ಕಟ್ಟಡದ ಮೇಲೆ ದೀಪದಲ್ಲಿ ಸ್ವಾಗತ ಬರೆದರು, ಅವಳು ಹೋದಳು, ಚೀನಾದ ಕ್ಷಿಪಣಿ ನಮಗೆ ಬಂತು." ಶಾಲೆಯ ಟೀಚರ್ ಥರ ಕಾಣುತ್ತಿದ್ದ ಹೆಂಗಸು, ಯಾರೂ ಬರದೇ ಇದ್ದಿದ್ದರೆ ಕ್ಷಿಪಣಿ ಬರ್ತಿರಲಿಲ್ಲ ಅಂತ ನಿನಗೆ ಬರೆದುಕೊಟ್ಟವರು ಯಾರು ಅಂತ ಕೇಳಿದಳು. ಅಂಗಡಿಯವನ ಮಗನಿಗೆ ಮಿಲಿಟರಿ ಸೇವೆ ನಾಲ್ಕು ತಿಂಗಳ ಬದಲು ಒಂದು ವರ್ಷ ಆಗಿದೆ. ಅವನು ಎರಡೂ ಕಡೆಯವರಿಗೆ ಅಂದದ್ದು ಇಷ್ಟು: "ರಿಪಬ್ಲಿಕನ್ ಬಂದರೆ ಬಿಲ್ ಕಳಿಸ್ತಾನೆ, ಡೆಮಾಕ್ರಟ್ ಬಂದರೆ ಭಾಷಣ ಕಳಿಸ್ತಾನೆ. ಆರ್ಡರ್ ಮಾಡಿದ ವಿಮಾನ ಯಾವಾಗ ಬರುತ್ತೆ ಕೇಳಿ." 2019ರ ಆ 66 ವಿಮಾನಗಳು ಇನ್ನೂ ತಡವಾಗುತ್ತಲೇ ಇವೆ.

ನನಗೆ ಕಂಡದ್ದು ಹೇಳಲಾ? ಇಲ್ಲಿಯ ತಿಳಿದವರು ಅಧ್ಯಕ್ಷ ಯಾರು ಅನ್ನೋದಕ್ಕಿಂತ ಅಮೆರಿಕದ ಸಂಸತ್ತನ್ನು ಹೆಚ್ಚು ನಂಬುತ್ತಾರೆ. ಕಾರ್ಟರ್ ಕೈಬಿಟ್ಟಾಗ, ಅವರದೇ ಪಕ್ಷದ ಬಹುಮತವಿದ್ದ ಸಂಸತ್ತು 1979ರಲ್ಲಿ ತೈವಾನ್ ಸಂಬಂಧ ಕಾಯ್ದೆಯನ್ನು ಕೆಳಮನೆಯಲ್ಲಿ 339ಕ್ಕೆ 50, ಸೆನೆಟ್‌ನಲ್ಲಿ 85ಕ್ಕೆ 4 ಮತಗಳಿಂದ ಪಾಸು ಮಾಡಿತು. ಶಸ್ತ್ರ ಒದಗಿಸುವುದಕ್ಕೆ ಇವತ್ತಿಗೂ ಅದೇ ಆಧಾರ. ಯುದ್ಧಕ್ಕೆ ಬಂದೇ ಬರುತ್ತೇವೆ ಅಂತ ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಯಾರ ಕಡೆಯೂ ಅಲ್ಲ, ಯಾರನ್ನು ಬಿಟ್ಟೂ ಇಲ್ಲ.

ಫೆಬ್ರವರಿಯಲ್ಲಿ ಇಲ್ಲಿಯ ಹೊಸ ವರ್ಷದ ರಜೆಗೆ ಬರ್ತೇನೆ, ಟಿಕೆಟ್ ನೋಡ್ತಾ ಇದ್ದೀನಿ. ಆಂಟಿ ನಿಮಗೆ ಊಲಾಂಗ್ ಟೀ ಕಳಿಸ್ತಾರಂತೆ. ಹಾಲು ಸಕ್ಕರೆ ಹಾಕಬಾರದು ಅಂತ ಈಗಲೇ ಹೇಳಿಟ್ಟಿರ್ತೀನಿ. ಚಿಕ್ಕಪ್ಪನಿಗೆ ಈ ಕಾಗದ ಓದಲು ಕೊಡಿ, ಇಲ್ಲದಿದ್ದರೆ ಫೋನಿನಲ್ಲಿ ಅದೇ ಪ್ರಶ್ನೆ ಅವರೂ ಕೇಳ್ತಾರೆ. ಬಿಪಿ ಮಾತ್ರೆ ತಪ್ಪಿಸಬೇಡಿ.

ಇಂತಿ ನಿಮ್ಮ ಮಗಳು
ಸುಮಾ