ಒಂದು ಮಗು ಓದುವುದನ್ನು ಪಕ್ಕದಲ್ಲಿ ಕೂತು ಕೇಳಿ

ಉಪನಿರ್ದೇಶಕರಿಗೆ,
ಶಾಲಾ ಶಿಕ್ಷಣ ಇಲಾಖೆ, ಚಿಕ್ಕಮಗಳೂರು

ಮಾನ್ಯರೇ,

ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನವಳು. 27 ವರ್ಷ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಈಗ ಪಕ್ಕದ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಏಳೆಂಟು ಮಕ್ಕಳು ಸಂಜೆ ಹೊತ್ತು ನಮ್ಮ ಜಗಲಿಗೆ ಬರುತ್ತಾರೆ. ಅವರ ಓದು ನೋಡಿದ ಮೇಲೆ ನಿಮಗೆ ಬರೆಯದೆ ಇರಲು ಆಗಲಿಲ್ಲ.

ಅವರಲ್ಲಿ ಒಬ್ಬಳು ನಾಲ್ಕನೇ ಕ್ಲಾಸು. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಪ್ರಗತಿ ಪತ್ರದಲ್ಲಿ ಕನ್ನಡಕ್ಕೆ ‘ಎ’. ಪಾಠ ಓದು ಅಂದೆ, ಗಡಗಡ ಓದಿದಳು. ಆದರೆ ಬೆರಳು ಮೂರನೇ ಸಾಲಿನ ಮೇಲಿತ್ತು, ಬಾಯಿ ಐದನೇ ಸಾಲಿಗೆ ಹೋಗಿತ್ತು. ಪುಸ್ತಕ ಮುಚ್ಚಿದೆ. ಓದು ನಿಲ್ಲಲಿಲ್ಲ. ಆಮೇಲೆ ಚೀಟಿಯಲ್ಲಿ ‘ಬೆಕ್ಕು ಹಟ್ಟಿಯೊಳಗೆ ಮಲಗಿತ್ತು’ ಅಂತ ಬರೆದು ಕೊಟ್ಟೆ. ‘ಬೆ’ ಅಂದಳು. ನನ್ನ ಮುಖ ನೋಡಿದಳು. ಅಲ್ಲಿಗೇ ನಿಂತಳು.

ವರ್ಷಕ್ಕೆ 4 ರೂಪಣಾತ್ಮಕ (ಕಲಿಕೆಯ ನಡುನಡುವೆ ಮಾಡುವ), 2 ಸಂಕಲನಾತ್ಮಕ (ಅವಧಿ ಮುಗಿದಾಗ ಮಾಡುವ) ಮೌಲ್ಯಮಾಪನ ಆಗುತ್ತವೆ. ಇಷ್ಟೆಲ್ಲ ಆದರೂ ಈ ಮಗುವಿಗೆ ಓದಲು ಬರುವುದಿಲ್ಲ ಅಂತ ಯಾರಿಗೂ ಗೊತ್ತಾಗಿಲ್ಲ. ಪ್ರಶ್ನೆಯನ್ನು ಟೀಚರ್ ಓದಿ ಹೇಳುತ್ತಾರೆ. ಉತ್ತರ ಬೋರ್ಡಿನಿಂದ ಇಳಿಸಿಕೊಂಡು ಬಾಯಿಪಾಠ ಮಾಡಿದ್ದು. ಹೀಗಾದರೆ ಹೇಗೆ ಗೊತ್ತಾಗಬೇಕು? ಯಾರನ್ನೂ ದೂರುತ್ತಿಲ್ಲ, ನಾನೂ ಹೀಗೇ ಮಾಡಿದ್ದೇನೆ. ನಲಿಕಲಿ ಅಂದರೆ ಕಾರ್ಡು, ಚಟುವಟಿಕೆಯಲ್ಲಿ ಕಲಿಯುವ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ಗೆ ಅಂಕ ಏರಿಸಲು ನಾಳೆಯೇ ಕೊನೆ ದಿನ, ಆಗ ಕೈ ತಾನಾಗಿ ಬೋರ್ಡಿನ ಕಡೆ ಹೋಗುತ್ತದೆ. ನೆನಪಾದರೆ ಈಗಲೂ ಸಂಕಟ ಆಗುತ್ತದೆ.

ಇನ್ನೊಂದು ಸಂಜೆ ಉಕ್ತಲೇಖನ ಕೊಟ್ಟೆ: ‘ನಮ್ಮ ಅಜ್ಜಿ ತೋಟಕ್ಕೆ ಹೋದಳು.’ ಈ ಹುಡುಗಿ ‘ನಮ ಅಜಿ ತೊಟಕೆ ಹೊದಳು’ ಅಂತ ಬರೆದಳು. ಪಕ್ಕದ ಹುಡುಗ ‘ನಮ್ಮ ಹಜ್ಜಿ ತೋಟಕ್ಕೆ ಓದಳು’ ಅಂತ ಬರೆದ. ಅಸ್ಸಾಮಿನಿಂದ ಬಂದ ಕುಟುಂಬದ ಇನ್ನೊಬ್ಬಳು ಒಂದೂ ತಪ್ಪಿಲ್ಲದೆ ಬರೆದಳು, ಓದಿಯೂ ತೋರಿಸಿದಳು. ‘ತೋಟಕ್ಕೆ ಹೋದದ್ದು ಯಾರು?’ ಅಂತ ಕೇಳಿದರೆ ಸುಮ್ನೆ ಕೂತಳು.

ಮೊದಲನೆಯವಳಿಗೆ ಅಕ್ಷರ ಗೊತ್ತು. ಸಿಕ್ಕಿಕೊಂಡಿರುವುದು ಒತ್ತಕ್ಷರ ಮತ್ತು ದೀರ್ಘದಲ್ಲಿ. ಅವಳನ್ನು ‘ಹಿಂದುಳಿದವಳು’ ಅಂತ ಮತ್ತೆ ನಲಿಕಲಿಯ ಮೊದಲ ಅಕ್ಷರಗಳ ‘ರ ಗ ಸ ದ ಅ’ ಕಾರ್ಡಿಗೆ ಇಳಿಸಿದರೆ ಅನ್ಯಾಯ. ಹುಡುಗನಿಗೆ ಓದಲು ಚೆನ್ನಾಗಿಯೇ ಬರುತ್ತದೆ. ‘ಹ’ ಇರುವ ಕಡೆ ಬಿಟ್ಟು, ಇಲ್ಲದ ಕಡೆ ಸೇರಿಸಿ ಮಾತಾಡುವ ರೂಢಿ ಅವನ ಮನೆಯಲ್ಲಿದೆ. ಬಾಯಲ್ಲಿ ಇರುವುದನ್ನು ಬರೆದಿದ್ದಾನೆ ಅಷ್ಟೇ. ಬೈದರೆ ಬರೆಯುವುದನ್ನೇ ಬಿಡುತ್ತಾನೆ. ಮೂರನೆಯವಳಿಗೆ ಬೇಕಾದ್ದು ಕನ್ನಡದ ಮಾತು, ಕಥೆ, ಜೊತೆಗೆ ಆಡುವ ಮಕ್ಕಳು. ಮೂವರಿಗೂ ಬೇರೆ ಬೇರೆ ಪಾಠ ಬೇಕು, ಅಲ್ವಾ? ಪ್ರಗತಿ ಪತ್ರದ ಒಂದು ಗ್ರೇಡಿನಲ್ಲಿ ಇದು ಎಲ್ಲಿ ಕಾಣುತ್ತದೆ?

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಪುಣ್ ಭಾರತ್ ಶುರು ಮಾಡಿತು. 2026-27ರ ಹೊತ್ತಿಗೆ ಮೂರನೇ ಕ್ಲಾಸು ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಅನ್ನುವುದು ಅದರ ಗುರಿ. ಮೂರನೇ ಕ್ಲಾಸಿಗೆ ನಿಮಿಷಕ್ಕೆ ಕನಿಷ್ಠ 60 ಪದ ಅಂತ ಅಳತೆಯೂ ಇದೆ. (ಕನ್ನಡದಲ್ಲಿ ‘ತೋಟದಲ್ಲಿರುವವರಿಗೆ’ ಅನ್ನುವುದು ಒಂದೇ ಪದ. ವಾಚು ಹಿಡಿದು ಎಣಿಸುವವರಿಗೆ ಇದು ನೆನಪಿರಲಿ.) ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯವರು 2005ರಿಂದ ಹಳ್ಳಿಯ ಮನೆಗಳಿಗೇ ಬಂದು ಅಕ್ಷರ, ಪದ, ಪ್ಯಾರಾ, ಕಥೆ ಅಂತ ಒಂದೊಂದೇ ಮಗುವಿನಿಂದ ಓದಿಸುತ್ತಾರೆ. 2022ರಲ್ಲಿ ಕೇಂದ್ರ ಸರ್ಕಾರ ಮೂರನೇ ಕ್ಲಾಸಿನವರಿಗೆ ನಡೆಸಿದ ಅಧ್ಯಯನದಲ್ಲೂ ಹೀಗೇ ಒಬ್ಬೊಬ್ಬರನ್ನೇ ಕೂರಿಸಿದ್ದರು. ಒಳ್ಳೆಯ ಕ್ರಮ. ಆದರೆ ಅವು ಆಯ್ದ ಮಕ್ಕಳ ಸಮೀಕ್ಷೆಗಳು. ನಮ್ಮ ಜಗಲಿಯ ಹುಡುಗಿಗೆ ನಾಳೆ ಏನು ಕಲಿಸಬೇಕು ಅಂತ ಅವು ಹೇಳುವುದಿಲ್ಲ. ಅದನ್ನು ಅವಳ ಟೀಚರೇ ಕಂಡುಕೊಳ್ಳಬೇಕು, ಅದಕ್ಕೆ ನೀವು ಸಮಯ ಮಾಡಿಕೊಡಬೇಕು.

ಜೂನ್‌ನಲ್ಲಿ ಒಮ್ಮೆ, ದಸರಾ ರಜೆ ಮುಗಿದ ಮೇಲೆ ಒಮ್ಮೆ ಟೀಚರ್ ಒಂದೊಂದೇ ಮಗುವಿನ ಓದು ಕೇಳಲಿ. ಪ್ರತಿ ಮಗುವಿಗೆ 5 ನಿಮಿಷ ಸಾಕು. 25 ಮಕ್ಕಳಿದ್ದರೆ ದಿನಕ್ಕೆ ಐವರಂತೆ 5 ದಿನ. ಆ ವಾರ ಶಿಕ್ಷಕರಿಗೆ ಮೀಟಿಂಗ್, ವರದಿ, ಫೋಟೋ ಕಳಿಸುವ ಕೆಲಸ ಯಾವುದೂ ಬೇಡ. ಪಠ್ಯದಲ್ಲಿಲ್ಲದ ನಾಲ್ಕು ಸಾಲು ಮಗು ಓದಲಿ, ಎರಡು ಪ್ರಶ್ನೆಗೆ ಬಾಯಲ್ಲೇ ಉತ್ತರ ಹೇಳಲಿ. ಉಕ್ತಲೇಖನ ಎಲ್ಲರಿಗೂ ಒಟ್ಟಿಗೆ ಆಗುತ್ತದೆ. ಮಗು ಎಲ್ಲಿ ತಡವರಿಸಿತು ಅಂತ ಟೀಚರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ, ಅಂಕ ಹಾಕುವುದು ಬೇಡ. ಆ ನೋಟ್‌ಬುಕ್ ಮಗುವಿನ ಜೊತೆ ಮುಂದಿನ ಕ್ಲಾಸಿಗೆ ಹೋಗಲಿ. ತೋಟ ಬದಲಾಯಿಸಿ ಹೋಗುವ ಕುಟುಂಬವಾದರೆ ಟಿ.ಸಿ. ಜೊತೆಗೆ ಹೋಗಲಿ.

ಈ ಓದು ಕೇಳುವ ಕೆಲಸವನ್ನು ಡಿಸೆಂಬರ್ ದಾಟಿದ ಮೇಲೆ ಇಡಲೇಬೇಡಿ. ಆಗ ಕಾಫಿ ಕುಯ್ಲು ಜೋರು. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಲೈನ್ ಮನೆಯಲ್ಲೇ ಉಳಿಯುವ ಮಕ್ಕಳು ಜಾಸ್ತಿ. ಯಾರ ಓದನ್ನು ಮೊದಲು ನೋಡಬೇಕೋ ಅವರೇ ತಪ್ಪಿಹೋಗುತ್ತಾರೆ.

ಮತ್ತೆ, ದಯವಿಟ್ಟು ಆ ನೋಟ್‌ಬುಕ್ ನೋಡಿ ಯಾವ ಶಿಕ್ಷಕರಿಗೂ ನೋಟಿಸ್ ಕೊಡಬೇಡಿ. ಒಬ್ಬರಿಗೆ ಕೊಟ್ಟರೂ ಸಾಕು, ಮುಂದಿನ ವರ್ಷ ಎಲ್ಲ ಮಕ್ಕಳೂ ‘ಸರಾಗವಾಗಿ ಓದುತ್ತಾರೆ’ ಅಂತಲೇ ಬರೆದಿರುತ್ತಾರೆ. ನನ್ನ ಕಾಲದಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ.

ಆ ಹುಡುಗಿಗೆ ಈಗ ಕ, ಟ, ಮ ಒತ್ತು ಬಂದಿದೆ. ನಿನ್ನೆ ‘ಬೆಕ್ಕು’ ಓದಿದಳು. ‘ಹಟ್ಟಿ’ಯನ್ನೂ ಓದಿದಳು.

ಮುಂದಿನ ಸಲ ನೀವು ಯಾವುದಾದರೂ ಶಾಲೆಗೆ ಹೋದಾಗ, ರಿಜಿಸ್ಟರ್ ತರಿಸುವ ಮೊದಲು ಒಂದು ಮಗುವಿನ ಪಕ್ಕ ಚಾಪೆ ಮೇಲೆ ಕೂರಿ. ನೀವೇ ಒಂದು ಸಾಲು ಬರೆದು ಕೊಡಿ. ಮೊದಲ ಅಕ್ಷರ ಹೇಳಿ ಮಗು ನಿಮ್ಮ ಮುಖ ನೋಡಿದರೆ, ಸ್ವಲ್ಪ ಹೊತ್ತು ಕಾಯಿರಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಮೂಡಿಗೆರೆ ತಾಲ್ಲೂಕು